ಸಾಬೂನು ಹಚ್ಚಿದ ಕಮಾನು

ಪಿಟೀಲಿನ ಪೆಟ್ಟಿಗೆಯನ್ನು ಬಸವರಾಜೇಶ್ವರಿ ಅಕ್ಕಿ ಡ್ರಮ್ಮಿನ ಹಿಂದಕ್ಕೆ ಕಾಲಿನಿಂದ ತಳ್ಳುತ್ತಿದ್ದಾಗ ನಡುಮನೆಯಿಂದ ಯಾರೋ ಕೂಗಿದರು.

“ಅಮ್ಮಾರೇ, ಎಲ್ಲಿದೀರಿ? ಯಜಮಾನ್ರನ್ನ ಕೂರಿಸ್ತಿದಾರೆ, ಬನ್ನಿ.”

“ಬಂದೆ,” ಎಂದಳು.

ಪೆಟ್ಟಿಗೆಯ ತುದಿ ಇನ್ನೂ ಕಾಣುತ್ತಿತ್ತು. ಮೂಲೆಯಲ್ಲಿದ್ದ ಗೋಣಿಚೀಲಗಳನ್ನೆಲ್ಲ ಎಳೆದು ಅದರ ಮೇಲೆ ಹಾಕಿದಳು. ಸಾಲದೆಂದು ಒಂದು ಹಳೆಯ ಕುಕ್ಕರನ್ನೂ ಇಟ್ಟಳು. ಅರವತ್ತಾರು ವರ್ಷದ ಹೆಂಗಸು, ಗಂಡ ಸತ್ತು ಮೂರು ಗಂಟೆ ಆಗಿಲ್ಲ, ಸ್ವಂತ ಮನೆಯ ಉಗ್ರಾಣದಲ್ಲಿ ಕಳ್ಳಿಯ ಹಾಗೆ ಬಗ್ಗಿ ನಿಂತಿದ್ದಳು. ಅಳು ಬರಬೇಕಿತ್ತು, ಬಂದಿರಲಿಲ್ಲ. ಅಳು ಬರಬೇಕಾದ ಜಾಗದಲ್ಲಿ ಹೆದರಿಕೆ ಬಂದು ಕೂತಿತ್ತು.

ನಡುಮನೆಯಲ್ಲಿ ನಾಲ್ಕು ಜನ ಗಂಡಸರು ಚಂದ್ರಶೇಖರಪ್ಪನವರನ್ನು ಮಣೆಯ ಮೇಲೆ ಕಾಲು ಮಡಿಸಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ತಲೆ ವಾಲದಂತೆ ಹಣೆಗೊಂದು ಬಿಳಿ ವಸ್ತ್ರ ಕಟ್ಟಿ ಹಿಂದಿನ ಕಿಟಕಿಯ ಸರಳಿಗೆ ಗಂಟು ಹಾಕಿದ್ದರು. ಹಣೆ ತುಂಬ ವಿಭೂತಿ. ಸ್ಟೇಜಿನ ಮೇಲೆ ಹಾಕುತ್ತಿದ್ದ ಕೆಂಪು ಶಾಲನ್ನೇ ಯಾರೋ ಹೊದೆಸಿದ್ದರು. ಶಿವಮೊಗ್ಗದ ಹೊಸಮನೆ ಬಡಾವಣೆಯಿಂದ ಬೆಳಿಗ್ಗೆಯೇ ಓಡಿ ಬಂದಿದ್ದ ಮಗಳು ರಶ್ಮಿ ಅಪ್ಪನ ಮಗ್ಗುಲಲ್ಲಿ ಕೂತು ಶಾಲಿನ ಅಂಚನ್ನು ಸರಿ ಮಾಡುತ್ತಿದ್ದಳು.

ಮಲ್ಲಿಕ್ ಬಾಗಿಲಲ್ಲಿ ನಿಂತಿದ್ದ. ಮೂವತ್ತು ವರ್ಷದಿಂದ ಚಂದ್ರಶೇಖರಪ್ಪನವರ ‘ಭದ್ರಾ ರಿದಮ್ಸ್’ ಆರ್ಕೆಸ್ಟ್ರಾದಲ್ಲಿ ಹಾಡಿದವನು, ಅವರನ್ನು ಮೇಷ್ಟ್ರೆಂದೇ ಕರೆಯುತ್ತಿದ್ದವನು, ಕಾರ್ಯಕ್ರಮದ ನಿರೂಪಣೆಯೂ ಅವನದೇ. ಅಳುತ್ತಿದ್ದರೂ ಅವನ ದನಿ ಮೈಕಿನ ಮುಂದೆ ನಿಂತ ದನಿಯೇ ಆಗಿತ್ತು.

“ಎಲ್ರೂ ಸ್ವಲ್ಪ ಕೇಳಿ. ಮೂರು ಗಂಟೆಗೆ ಹೊರಡೋದು. ಗುಂಡಿ ಹತ್ರ ಮೇಷ್ಟ್ರ ಶುರು ಟ್ಯೂನು ಆಗ್ಬೇಕು. ಮೇಷ್ಟ್ರೇ ಹಾಕಿದ ಪದ್ಧತಿ ಇದು. ಅವ್ರಿಗೇ ತಪ್ಪಿಸಿದ್ರೆ ನಾವು ಮನುಷ್ಯರಾ ಹೇಳಿ.”

ಪದ್ಧತಿ ಹೌದು. ಭದ್ರಾ ರಿದಮ್ಸಿನ ಪ್ರತಿ ಕಾರ್ಯಕ್ರಮವೂ ಚಂದ್ರಶೇಖರಪ್ಪನವರ ಪಿಟೀಲಿನಿಂದಲೇ ಶುರುವಾಗುತ್ತಿತ್ತು. ಎರಡು ನಿಮಿಷ ಪಿಟೀಲು ಒಂದೇ. ಆಮೇಲೆ ಡ್ರಮ್ಮು ಬೀಳಬೇಕು, ಎದುರಿಗಿದ್ದ ಜನ ಏಳಬೇಕು, ಕುಣಿಯಬೇಕು. ತಂಡದವರು ಯಾರಾದರೂ ತೀರಿಕೊಂಡರೆ ಆ ಎರಡು ನಿಮಿಷವನ್ನು ಅವರು ಗುಂಡಿಯ ಪಕ್ಕದಲ್ಲಿ ನಿಂತು ನುಡಿಸುತ್ತಿದ್ದರು. ಡ್ರಮ್ಮು ಇಲ್ಲ, ಕುಣಿತ ಇಲ್ಲ. ನುಡಿಸಿ ಪಿಟೀಲನ್ನು ಪೆಟ್ಟಿಗೆಗಿಟ್ಟು ಒಂದು ಹಿಡಿ ಮಣ್ಣು ಹಾಕಿ ಬರುತ್ತಿದ್ದರು.

“ನಾನು ನುಡಿಸ್ತೀನಿ ಮಲ್ಲಿಕಣ್ಣ,” ಎಂದಳು ರಶ್ಮಿ.

ಬಸವರಾಜೇಶ್ವರಿ ಮುಂದೆ ಬಂದಳು. “ನಿನ್ನ ಪಿಟೀಲು ಹೊಸಮನೇಲಿದೆಯಲ್ಲೇ. ಯಾರನ್ನಾದ್ರೂ ಕಳ್ಸಿ ತರಿಸು. ಅರ್ಧ ಗಂಟೆ ದಾರಿ.”

“ನನ್ನದು ಬೇಡ. ಅಪ್ಪಂದೇ ಆಗ್ಬೇಕು.” ರಶ್ಮಿ ಅಮ್ಮನನ್ನು ನೋಡಲಿಲ್ಲ. “ಹದಿನೈದು ವರ್ಷ ಅದನ್ನ ಮುಟ್ಟಕ್ಕೆ ಬಿಡ್ಲಿಲ್ಲ ಇವ್ರು. ಇವತ್ತಾದ್ರೂ ಮುಟ್ತೀನಿ.”

ಹೆಂಗಸರು ಲೊಚಗುಟ್ಟಿದರು. ಮಲ್ಲಿಕ್ ಕಣ್ಣೊರೆಸಿಕೊಂಡ. ಆ ಪಿಟೀಲಿನ ಮೇಲೆ ಕಮಾನು ಎಳೆದರೆ ಸದ್ದು ಬರುವುದಿಲ್ಲ. ಹದಿಮೂರು ವರ್ಷ ಊರೂರು ಸುತ್ತಿ ಸಾವಿರ ಸಾವಿರ ಜನರನ್ನು ಕುಣಿಸಿದ ಆ ಪಿಟೀಲು, ಆ ಹದಿಮೂರು ವರ್ಷವೂ ಮೂಕವಾಗಿಯೇ ಇತ್ತು. ಅದು ಗೊತ್ತಿದ್ದವರು ಮೂರು ಜನ. ಈಗ ಇಬ್ಬರು ಉಳಿದಿದ್ದರು.

*

ಚಂದ್ರಶೇಖರಪ್ಪ ಕಾಗದದ ಕಾರ್ಖಾನೆಯ ಕಟಿಂಗ್ ಸೆಕ್ಷನ್ನಿನಲ್ಲಿದ್ದವರು. ಶಾಸ್ತ್ರೀಯವಾಗಿ ಕಲಿತ ವಿದ್ಯೆ. ಕಾರ್ಖಾನೆಯ ಕ್ಲಬ್ಬಿನಲ್ಲಿ ಒಮ್ಮೆ ಕೀರ್ತನೆ ನುಡಿಸಿದರೆ ಮುಂದಿನ ಸಾಲಿನ ಅಧಿಕಾರಿಗಳು ಗೊರಕೆ ಹೊಡೆದಿದ್ದರಂತೆ. ರೇಗಿ ಅದೇ ಸ್ವರಗಳನ್ನು ಎರಡರಷ್ಟು ಜೋರಾಗಿ ಎಳೆದು, ಶಿಫ್ಟಿನ ಗೆಳೆಯ ಧರ್ಮಪ್ಪನಿಗೆ ಖುರ್ಚಿ ಬಡಿಯಲು ಹೇಳಿದರು. ಹಿಂದಿನ ಸಾಲಿನ ಕೂಲಿಯವರು ಎದ್ದು ಕುಣಿದರು. ಭದ್ರಾ ರಿದಮ್ಸ್ ಹುಟ್ಟಿದ್ದು ಹಾಗೆ. ಗಣಪತಿ ಪೆಂಡಾಲು, ರಾಜ್ಯೋತ್ಸವ, ಮದುವೆ ಆರತಕ್ಷತೆ, ಶಂಕರಘಟ್ಟದ ಯೂನಿವರ್ಸಿಟಿ ಹಾಸ್ಟೆಲ್ ಡೇ, ಎಲ್ಲಿ ಹೋದರೂ ಜನ ಕೇಳುತ್ತಿದ್ದುದು ಒಂದೇ ಮಾತು: ಪಿಟೀಲು ಚಂದ್ರಣ್ಣ ಬರ್ತಾರಾ?

ರಶ್ಮಿಗೆ ಇಪ್ಪತ್ತು ವರ್ಷವಾಗಿದ್ದಾಗ ಒಂದು ಸಂಜೆ ಅಪ್ಪ ಮಗಳು ಎದುರು ಬದುರು ಕೂತು ನುಡಿಸುತ್ತಿದ್ದರು. ಬಸವರಾಜೇಶ್ವರಿ ಹಿಟ್ಟು ಕಲಸುತ್ತಿದ್ದಳು.

“ಅಪ್ಪಾ, ನಿಮ್ಮ ಸ್ವರ ತಪ್ತಿದೆ,” ಎಂದಳು ಮಗಳು, ನಗುತ್ತಲೇ.

ಮತ್ತೆ ನುಡಿಸಿದರು. ಮತ್ತೆ ತಪ್ಪಿತು. ಚಂದ್ರಶೇಖರಪ್ಪ ಪಿಟೀಲನ್ನು ಕೆಳಗಿಟ್ಟರು. “ನಾಳೆಯಿಂದ ಪಾಠ ಇಲ್ಲ. ಬೇರೆ ಯಾರ ಹತ್ರಾದ್ರೂ ಕಲ್ತ್ಕೋ. ನನ್ನ ಪಿಟೀಲು ಮುಟ್ಬೇಡ,” ಎಂದು ಎದ್ದು ಹೋದರು. ಮಗಳು ಏನು ತಪ್ಪು ಮಾಡಿದೆನೆಂದು ತಿಳಿಯದೆ ಕೂತೇ ಇದ್ದಳು.

ಮರುದಿನ ಹೆಂಡತಿಯ ಮುಂದೆ ಎಡಗೈ ಚಾಚಿದರು. ಉಂಗುರದ ಬೆರಳು, ಕಿರುಬೆರಳು. “ಚುಚ್ಚು ನೋಡಾಣ.” ಅವಳು ಸೆರಗಿನ ಪಿನ್ನಿನಿಂದ ಮೆಲ್ಲಗೆ ಚುಚ್ಚಿದಳು. ಅವರ ಮುಖ ಅಲುಗಲಿಲ್ಲ. “ಬೆರಳು ಆಡುತ್ತೆ. ತಂತಿ ಎಲ್ಲಿದೆ ಅಂತ ಅದಕ್ಕೆ ಗೊತ್ತಾಗಲ್ಲ ಕಣೆ.” ಶಿವಮೊಗ್ಗದ ಡಾಕ್ಟರು ಸಕ್ಕರೆ ಕಾಯಿಲೆ ಎಂದರು, ನರ ಸತ್ತಿದೆ ಎಂದರು, ಮಾತ್ರೆ ಕೊಟ್ಟರು. ನರ ವಾಪಸು ಬರಲಿಲ್ಲ.

ಬಿಟ್ಟುಬಿಡಿ ಎಂದು ಅವಳು ಹೇಳಿದಳು. ಬಿಟ್ಟರೆ ಭದ್ರಾ ರಿದಮ್ಸನ್ನು ಕರೆಯುವವರು ಯಾರು? ಕಾರ್ಖಾನೆ ಆಗಲೇ ಕುಂಟುತ್ತಿತ್ತು, ಎಂಟು ಮನೆಯ ಒಲೆ ಆರ್ಕೆಸ್ಟ್ರಾದಿಂದ ಉರಿಯುತ್ತಿತ್ತು. ಕೀಬೋರ್ಡಿನ ಪ್ರಕಾಶನನ್ನು ಮನೆಗೆ ಕರೆಸಿ ಬಾಗಿಲು ಹಾಕಿಕೊಂಡು ಮಾತಾಡಿದರು. ಪ್ರಕಾಶನ ಕೀಬೋರ್ಡಿನಲ್ಲಿ ಪಿಟೀಲಿನ ದನಿಯೂ ಇತ್ತು. ಅವನು ಹಿಂದೆ ಕೂತು ಅದನ್ನು ನುಡಿಸುವುದು, ಇವರು ಮುಂದೆ ನಿಂತು ಕಮಾನು ಆಡಿಸುವುದು. ಪಕ್ಕದಲ್ಲಿ ನಿಂತವರಿಗೆ ಅಪಸ್ವರ ಕೇಳಿಸಬಾರದಲ್ಲ, ಅದಕ್ಕೊಂದು ಉಪಾಯ ಬೇಕಿತ್ತು.

“ಬಟ್ಟೆ ಸೋಪು ಕೊಡು. ಬಿಳೀದು,” ಎಂದರು ಹೆಂಡತಿಗೆ. ತಂತಿಯನ್ನು ಹಿಡಿಯಲೆಂದು ರಾಳ ತಿಕ್ಕುವ ಹಾಗೆಯೇ ಕಮಾನಿನ ಕೂದಲಿಗೆ ಸೋಪು ತಿಕ್ಕಿ, ತಂತಿಯ ಮೇಲೆ ಎಳೆದು ತೋರಿಸಿದರು. ನುಣುಪಾಗಿ ಜಾರಿತು. ಉಸಿರೂ ಬರಲಿಲ್ಲ. ಬಸವರಾಜೇಶ್ವರಿಗೆ ನಗು ಬಂತು, ಗಂಡನ ಮುಖ ನೋಡಿ ನಿಲ್ಲಿಸಿಕೊಂಡಳು.

“ಊರಿಗೆ ಗೊತ್ತಾದ್ರೆ ಆರ್ಕೆಸ್ಟ್ರಾ ಹೋಗುತ್ತೆ,” ಎಂದರು. “ರಶ್ಮಿಗೆ ಗೊತ್ತಾದ್ರೆ ನಾನೇ ಹೋಗ್ತೀನಿ. ನಾನು ಸತ್ತ ಮೇಲೂ ಅವಳಿಗೆ ಗೊತ್ತಾಗ್ಬಾರ್ದು. ಮಾತು ಕೊಡು.”

ಕೊಟ್ಟಳು. ಅಂದಿನಿಂದ ಪ್ರತಿ ಕಾರ್ಯಕ್ರಮದ ಮುಂಚೆ ಗಂಡನಿಗೆ ಬುತ್ತಿ ಕಟ್ಟುವುದರ ಜೊತೆಗೆ ಕಮಾನಿಗೆ ಸೋಪು ಹಚ್ಚುವುದೂ ಅವಳ ಕೆಲಸವಾಯಿತು.

*

ಹತ್ತು ಗಂಟೆಗೆ ಅಯ್ಯನವರು ಬಂದರು. ಕೊರಳಿನ ಲಿಂಗವನ್ನು ಬಿಚ್ಚಿ ಎಡ ಅಂಗೈಯಲ್ಲಿಡಲು ಕೈ ಬಿಡಿಸಹೋದರೆ ಎರಡು ಬೆರಳು ಬಿಚ್ಚಿಕೊಳ್ಳಲಿಲ್ಲ.

“ಇವೆರಡು ಬಗ್ಗೇ ಇದಾವಲ್ಲ. ಮೊದ್ಲಿಂದ ಹೀಗೇನಾ?” ಎಂದು ಅಯ್ಯನವರು ಬಸವರಾಜೇಶ್ವರಿಯನ್ನು ಕೇಳಿದರು. ಅವಳು ಶಾಲಿನ ಅಂಚನ್ನು ಆ ಕೈಯ ಮೇಲೆ ಎಳೆಯಹೋದಳು.

“ಪಿಟೀಲು ಹಿಡಿದ ಕೈ, ಐನೋರೆ,” ಎಂದಳು ರಶ್ಮಿ. “ನಲವತ್ತು ವರ್ಷ ಹಿಡಿದಿದೆ. ಹಾಗೇ ಇರುತ್ತೆ.”

ಮಗಳ ಮಾತಿನಲ್ಲಿ ಹೆಮ್ಮೆಯಿತ್ತು. ಅಪ್ಪ ಮಾತು ಬಿಟ್ಟ ಹಾಗೆ ದೂರವಾದರೂ, ಪಿಟೀಲಿನ ಆ ದನಿಯೊಂದನ್ನು ಇವಳು ಇಷ್ಟು ವರ್ಷ ನಂಬಿಕೊಂಡು ಬಂದಿದ್ದಳು. ಹೊಸಮನೆಯ ಮಕ್ಕಳಿಗೆ ಪಾಠ ಹೇಳುವಾಗ ಅಪ್ಪನ ಕಾರ್ಯಕ್ರಮದ ರೆಕಾರ್ಡಿಂಗ್ ಹಾಕಿ ಕೇಳಿಸುತ್ತಿದ್ದಳಂತೆ, ಹೀಗೆ ಎಳೀಬೇಕು ನೋಡಿ ಎಂದು. ಅದು ಪ್ರಕಾಶನ ಕೀಬೋರ್ಡು.

ಮಾಸ್ತಮ್ಮ ಬಂದಿದ್ದು ಆಗ. ಧರ್ಮಪ್ಪನ ಹೆಂಡತಿ. ಖುರ್ಚಿ ಬಡಿದು ಶುರು ಮಾಡಿ ಕೊನೆವರೆಗೂ ಡ್ರಮ್ಸ್ ನುಡಿಸಿದ ಧರ್ಮಪ್ಪ ಹೋಗಿ ಹನ್ನೆರಡು ವರ್ಷವಾಗಿತ್ತು. ಅವಳು ಹೆಣದ ಕಾಲು ಮುಟ್ಟಿ ನಮಸ್ಕರಿಸಿ, ಬಸವರಾಜೇಶ್ವರಿಯ ಪಕ್ಕ ಕೂತು, ಎಲ್ಲರಿಗೂ ಕೇಳಿಸುವಂತೆಯೇ ಹೇಳಿದಳು:

“ನಮ್ಮೆಜಮಾನ್ರು ಹೋದಾಗ ನಿಮ್ಮೆಜಮಾನ್ರು ಬರ್ಲಿಲ್ಲ. ಜ್ವರ ಅಂದ್ರಿ. ಮೂರು ದಿನಕ್ಕೆ ಸಾಗರದಲ್ಲಿ ಪ್ರೋಗ್ರಾಂ ಮಾಡಿದ್ರು. ಎಲ್ರಿಗೂ ನುಡಿಸಿದವ್ರು ನಮ್ಮವ್ರಿಗೆ ನುಡಿಸ್ಲಿಲ್ಲ. ನಾನೇನೂ ಜಗಳಕ್ಕೆ ಬಂದಿಲ್ಲ ಮಾರಾಯ್ತಿ. ಇವತ್ತು ಮಗ್ಳು ನುಡಿಸ್ತಾಳಂತಲ್ಲ, ಅದನ್ನ ಕೇಳಕ್ಕೆ ಬಂದಿದೀನಿ. ಅದ್ರಲ್ಲಿ ಅರ್ಧ ನಮ್ಮವ್ರಿಗೂ ಸೇರ್ಲಿ.”

ಬಸವರಾಜೇಶ್ವರಿ ತಲೆ ತಗ್ಗಿಸಿದಳು. ಅಂದು ಜ್ವರವಿರಲಿಲ್ಲ. ಚಂದ್ರಶೇಖರಪ್ಪ ಒಳಕೋಣೆಯ ಚಿಲಕ ಹಾಕಿಕೊಂಡು ಕೂತಿದ್ದರು. ಗುಂಡಿಯ ಹತ್ತಿರ ಕೀಬೋರ್ಡು ಒಯ್ಯಲಾಗುವುದಿಲ್ಲ. ಇದನ್ನು ಮಾಸ್ತಮ್ಮನಿಗೆ ಹೇಳುವ ಹಾಗಿರಲಿಲ್ಲ, ಅಂದೂ ಇಂದೂ.

ನೀರು ಕುಡಿಯುವ ನೆಪದಲ್ಲಿ ಎದ್ದು ಹಿತ್ತಲಿಗೆ ಹೋದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಪ್ರಕಾಶ ಒಬ್ಬನೇ ಕೂತಿದ್ದ. ಐವತ್ತೈದರ ಗಂಡಸು, ಶರ್ಟಿನ ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡಿದ್ದ.

“ಕೇಳಿಸ್ಕೊಂಡ್ಯಾ?” ಎಂದಳು.

“ಕೇಳಿಸ್ಕೊಂಡೆ ಅಕ್ಕ.”

“ಏನೋ ಮಾಡೋದು ಈಗ?”

“ನಾನು ಬಾಯಿ ಬಿಡಲ್ಲ. ಆ ಭಯ ಬೇಡ. ಆದ್ರೆ ಪಿಟೀಲೇ ಹೇಳುತ್ತಲ್ಲ.”

“ಕಮಾನು ತೊಳೆದ್ರೆ?”

“ಹದಿಮೂರು ವರ್ಷದ ಸೋಪು ಅಕ್ಕ ಅದು. ತೊಳೆದ್ರೆ ಹೋಗಲ್ಲ. ಕೂದಲೇ ಬದಲಾಯಿಸ್ಬೇಕು. ಬೆಂಗಳೂರಿಗೆ ಕಳಿಸ್ಬೇಕು ಅದಕ್ಕೆ.” ಅವನು ಕಲ್ಲಿನ ಮೇಲೆ ಒಣಗಿದ್ದ ಸೋಪಿನ ಕಲೆಯನ್ನು ಉಗುರಿನಿಂದ ಕೆರೆದ. “ಜನ ಚಪ್ಪಾಳೆ ಹೊಡೆದಾಗೆಲ್ಲ ಅಣ್ಣ ಒಂದ್ಸಲ ತಿರುಗಿ ನನ್ನ ನೋಡ್ತಿದ್ರು. ಅಷ್ಟೇ ನಂಗೆ ಸಿಕ್ಕಿದ್ದು. ಸಾಕಿತ್ತು ಅಂತ ಸುಳ್ಳು ಹೇಳಲ್ಲ. ಎಷ್ಟೋ ಸಲ ಹೇಳ್ಬಿಡಾಣ ಅನ್ಸಿದೆ. ಆದ್ರೆ ಇವತ್ತು, ಆ ಮಗು ಮುಂದೆ, ಬೇಡ.”

ಅವಳು ಅವನ ಹತ್ತಿರ ಬಗ್ಗಿದಳು. “ಪೆಟ್ಟಿಗೆ ಅಕ್ಕಿ ಡ್ರಮ್ಮಿನ ಹಿಂದೆ ಇಟ್ಟಿದೀನಿ. ಹಿಂದಿನ ಬಾಗಿಲಿಂದ ಕೊಡ್ತೀನಿ, ತಗೊಂಡು ಹೋಗ್ಬಿಡು. ಕಳೆದೋಯ್ತು ಅಂತೀನಿ.”

“ಯಾರಾದ್ರೂ ನೋಡಿದ್ರೆ ಸತ್ತ ಮನೇಲಿ ಪ್ರಕಾಶ ಪಿಟೀಲು ಕದ್ದ ಅಂತಾರೆ.” ಅವನು ಮುಖ ಒರೆಸಿಕೊಂಡ. “ಅನ್ಲಿ ಬಿಡಿ. ತನ್ನಿ.”

*

ಪಿಟೀಲೇ ಹೇಳುತ್ತೆ ಎಂಬ ಪ್ರಕಾಶನ ಮಾತು ಕೇಳಿ ಅವಳಿಗೆ ನೆನಪಾಗಿದ್ದು ಹೊಸಮನೆಯ ಗಣಪತಿ ಪೆಂಡಾಲಿನ ಆ ಸಂಜೆ. ಹತ್ತು ವರ್ಷದ ಹಿಂದಿನ ಮಾತು. ಮದುವೆಯಾಗಿ ಅಲ್ಲೇ ಮನೆ ಮಾಡಿದ್ದ ರಶ್ಮಿ ಎರಡನೆಯ ಸಾಲಿನಲ್ಲಿ ಅಮ್ಮನ ಪಕ್ಕ ಕೂತಿದ್ದಳು. ಬೀದಿ ತುಂಬ ಜನ. ಶುರು ಟ್ಯೂನು ಅರ್ಧಕ್ಕೆ ಬಂದಿತ್ತು, ಚಂದ್ರಶೇಖರಪ್ಪ ಕಣ್ಣು ಮುಚ್ಚಿ ಕಮಾನು ಎಳೆಯುತ್ತಿದ್ದರು. ಆಗ ಕರೆಂಟು ಹೋಯಿತು.

ಪಿಟೀಲಿನ ದನಿ ಕತ್ತರಿಸಿದ ಹಾಗೆ ನಿಂತಿತು. ಅವರ ಕಮಾನು ಇನ್ನೂ ಒಂದೆರಡು ಸಲ ಹೋಗಿ ಬಂತು. ಬಸವರಾಜೇಶ್ವರಿ ಅದನ್ನು ನೋಡಿದಳು. ಇನ್ಯಾರು ನೋಡಿದರೋ ಎಂದು ಸುತ್ತ ತಿರುಗುವ ಧೈರ್ಯವೂ ಅವಳಿಗಾಗಲಿಲ್ಲ.

“ಜನರೇಟರ್ ಹಾಕ್ರೋ,” ಎಂದು ಯಾರೋ ಕೂಗಿದರು. ಇನ್ನೊಬ್ಬ ಕೂಗಿದ, “ಪಿಟೀಲಿಗೆ ಕರೆಂಟ್ ಯಾಕ್ರೀ? ಚಂದ್ರಣ್ಣ, ಹಾಗೇ ಬಾರ್ಸಿ.” ಜನಕ್ಕೆ ಆ ಮಾತು ಹಿಡಿಸಿತು. ಎಲ್ಲರೂ ಸೇರಿ ಕೂಗತೊಡಗಿದರು, ಹಾಗೇ ಬಾರ್ಸಿ, ಹಾಗೇ ಬಾರ್ಸಿ. ಮೊಬೈಲಿನ ಲೈಟುಗಳು ಒಂದೊಂದಾಗಿ ಹೊತ್ತಿಕೊಂಡು ಅವರ ಮುಖದ ಮೇಲೆ ಬಿದ್ದವು. ಗಂಡ ಅಷ್ಟು ಹೆದರಿದ್ದನ್ನು ಬಸವರಾಜೇಶ್ವರಿ ಹಿಂದೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಹಣೆಯ ವಿಭೂತಿ ಬೆವರಿಗೆ ಇಳಿಯುತ್ತಿತ್ತು.

ಅವರು ನಕ್ಕರು. ಪಿಟೀಲನ್ನು ಕಿವಿಯ ಹತ್ತಿರ ಹಿಡಿದು, ಶ್ರುತಿ ಮಾಡುವವರಂತೆ ಬಿರಡೆ ತಿರುಗಿಸಿದರು. ತಿರುಗಿಸಿದರು, ಮತ್ತೆ ತಿರುಗಿಸಿದರು. ಟಣ್ ಎಂದು ಸಣ್ಣ ತಂತಿ ಹರಿದು ಅವರ ಕೆನ್ನೆಗೆ ಬಡಿಯಿತು.

“ತಂತಿ ಹೋಯ್ತು. ಕ್ಷಮಿಸಿ,” ಎಂದರು. ಅಷ್ಟರಲ್ಲಿ ಜನರೇಟರ್ ಶುರುವಾಯಿತು.

ಕಾರ್ಯಕ್ರಮ ಮುಗಿದ ಮೇಲೆ ಮಗಳ ಮನೆಯಲ್ಲಿ ಊಟ. ರಶ್ಮಿ ಅಪ್ಪನ ಕೆನ್ನೆಯ ಗೀರಿಗೆ ಅರಿಶಿನ ಹಚ್ಚುತ್ತ ಹೇಳಿದಳು, “ಅದು ತಾನಾಗೇ ಹೋಗ್ಲಿಲ್ಲಪ್ಪ. ನೀವೇ ತಿರುಗಿಸಿದ್ರಿ. ಸಣ್ಣ ತಂತಿ ಎಷ್ಟು ತಡೆಯುತ್ತೆ ಅಂತ ನಿಮಗೆ ಗೊತ್ತಿಲ್ವಾ? ಯಾಕೆ ಹಾಗೆ ಮಾಡಿದ್ರಿ?”

ಚಂದ್ರಶೇಖರಪ್ಪ ಅನ್ನಕ್ಕೆ ಮಜ್ಜಿಗೆ ಕೇಳಿದರು. ರಶ್ಮಿ ಮತ್ತೆ ಕೇಳಲಿಲ್ಲ. ಆ ಪ್ರಶ್ನೆ ಅವಳ ಮುಖದಲ್ಲಿ ಬಹಳ ದಿನ ಇತ್ತು.

*

ಬಸವರಾಜೇಶ್ವರಿ ಹಿತ್ತಲಿನಿಂದ ಒಳಗೆ ಬರುವಷ್ಟರಲ್ಲಿ ಉಗ್ರಾಣದ ಬಾಗಿಲು ತೆರೆದಿತ್ತು. ಅಂಗಳದಲ್ಲಿ ಬಂದವರಿಗೆ ಕೂರಲು ಹಾಸೋಣವೆಂದು ಮಾಸ್ತಮ್ಮ ಗೋಣಿಚೀಲ ಹುಡುಕಿಕೊಂಡು ಹೋಗಿದ್ದಳು. ಚೀಲಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಪೆಟ್ಟಿಗೆ ಹಿಡಿದು ಹೊರಗೆ ಬರುತ್ತಿದ್ದಳು.

“ಅಕ್ಕಿ ಡ್ರಮ್ಮಿನ ಹಿಂದೆ ಬಿದ್ದಿತ್ತು ನೋಡು ಮಾರಾಯ್ತಿ, ಮೇಲೊಂದು ಕುಕ್ಕರು ಬೇರೆ. ಇಲಿ ಕಡಿದಿದ್ರೆ ಏನು ಗತಿ?”

“ಕೊಡು ಇಲ್ಲಿ,” ಎಂದು ಬಸವರಾಜೇಶ್ವರಿ ಕೈ ಚಾಚಿದಳು. ಮಲ್ಲಿಕ್ ಅವಳಿಗಿಂತ ಮುಂಚೆ ಬಂದಿದ್ದ. ಎರಡೂ ಕೈಯಿಂದ ಪೆಟ್ಟಿಗೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಅದನ್ನು ಹೂವಿನಿಂದ ಅಲಂಕರಿಸಿದ್ದ ವಿಮಾನದಲ್ಲಿ, ಹೆಣ ಕೂರುವ ಜಾಗದ ಮುಂದೆ ಇಟ್ಟು ಒಂದು ಸೇವಂತಿಗೆ ಹಾರ ಹಾಕಿದ. ಇನ್ನು ಅದನ್ನು ಮುಟ್ಟಲು ಸಾಧ್ಯವಿರಲಿಲ್ಲ. ಹಿತ್ತಲ ಬಾಗಿಲಲ್ಲಿ ಪ್ರಕಾಶ ನೋಡಿ ತಲೆ ಆಡಿಸಿದ.

ಮೂರು ಗಂಟೆಗೆ ಹೊರಟರು. ಮುಂದೆ ಭಜನೆಯವರು, ಹಿಂದೆ ಟ್ರಾಕ್ಟರು. ಟ್ರಾಲಿಯ ಮೇಲೆ ವಿಮಾನದಲ್ಲಿ ಚಂದ್ರಶೇಖರಪ್ಪ ಎಂದಿನಂತೆ ನೆಟ್ಟಗೆ ಕೂತಿದ್ದರು. ಕಾಗದನಗರದ ಕ್ವಾರ್ಟರ್ಸಿನ ಎದುರು ಬಂದಾಗ ಮೆರವಣಿಗೆ ನಿಂತಿತು. ಕಾರ್ಖಾನೆ ಮುಚ್ಚಿದ ಮೇಲೆ ಅಲ್ಲಿ ಮನೆಗಳು ಹೆಚ್ಚಿನವು ಖಾಲಿ, ಕಿಟಕಿಗಳಿಗೆ ಬಾಗಿಲಿಲ್ಲ. ಉಳಿದಿದ್ದ ನಾಲ್ಕೈದು ಮನೆಯವರು ಗೇಟಿಗೆ ಬಂದು ಕೈಮುಗಿದರು. ಒಬ್ಬ ಮುದುಕ ತಮಿಳಿನಲ್ಲಿ ಏನೋ ಹೇಳುತ್ತ ಎರಡು ಹೆಜ್ಜೆ ಕುಣಿದು, ಅತ್ತು, ಒಳಗೆ ಹೋದ.

ಪೆಟ್ಟಿಗೆಯೊಳಗೆ ಸೋಪಿನ ತುಂಡೂ ಇದೆ ಎಂಬುದು ಬಸವರಾಜೇಶ್ವರಿಗೆ ನೆನಪಾಗಿದ್ದು ಅಲ್ಲಿ. ರಾಳ ಇಡುವ ಸಣ್ಣ ಖಾನೆಯಲ್ಲಿ. ಎರಡು ವರ್ಷದ ಹಿಂದಿನ ಕೊನೆಯ ಕಾರ್ಯಕ್ರಮದ ದಿನ ತಾನೇ ಇಟ್ಟಿದ್ದು. ಮೆರವಣಿಗೆ ಮತ್ತೆ ಹೊರಟರೂ ಅವಳು ಅಲ್ಲೇ ನಿಂತಿದ್ದಳು. ರಶ್ಮಿ ತೋಳು ಹಿಡಿದುಕೊಂಡಳು. “ಅಳು ಅಮ್ಮ,” ಎಂದಳು ಮೆಲ್ಲಗೆ. “ಬೆಳಿಗ್ಗೆಯಿಂದ ಅತ್ತಿಲ್ಲ ನೀನು.”

ರುದ್ರಭೂಮಿಯಲ್ಲಿ ಅವಳು ಕೊನೆಯ ಪ್ರಯತ್ನ ಮಾಡಿದಳು. ಅಯ್ಯನವರ ಹತ್ತಿರ ಹೋಗಿ, “ಆ ಪಿಟೀಲನ್ನೂ ಅವ್ರ ಜೊತೇಲೇ ಇಟ್ಬಿಡಿ ಐನೋರೆ. ಪೆಟ್ಟಿಗೆ ಬಿಚ್ಚೋದು ಬೇಡ, ಹಾಗೇ ಇಡಿ. ಅವ್ರ ಆಸೆ,” ಎಂದಳು.

“ಇಲ್ಲ ತಾಯಿ. ಲಿಂಗ, ವಿಭೂತಿ, ಪತ್ರೆ. ಇಷ್ಟು ಬಿಟ್ಟು ಇನ್ನೇನೂ ಒಳಗೆ ಇಡಂಗಿಲ್ಲ. ಬಂಗಾರ ಆದ್ರೂ ಇಡಂಗಿಲ್ಲ.”

ಗುಂಡಿಯೊಳಗಿನ ಗೂಡಿನಲ್ಲಿ ಚಂದ್ರಶೇಖರಪ್ಪನವರನ್ನು ಕೂರಿಸಿದರು. ಎಡಗೈಯಲ್ಲಿ ಲಿಂಗವಿತ್ತು, ಬಗ್ಗಿದ ಆ ಎರಡು ಬೆರಳೇ ಅದು ಜಾರದಂತೆ ತಡೆದಿದ್ದವು. ಭಜನೆ ನಿಂತಿತು. ಮಲ್ಲಿಕ್ ಪೆಟ್ಟಿಗೆ ತಂದು ರಶ್ಮಿಯ ಮುಂದೆ ಹಿಡಿದ.

“ನಾನು ಹಿಡ್ಕೊಂಡಿರ್ತೀನಿ. ತೆಗಿಯಮ್ಮ.”

ಇನ್ನೂರು ಜನ ಇದ್ದಿರಬೇಕು. ಕೆಮ್ಮು ಕೂಡ ಕೇಳಲಿಲ್ಲ. ಮಾಸ್ತಮ್ಮ ಗುಂಡಿಯ ಅಂಚಿಗೆ ಬಂದು, ಸರಿಯಾಗಿ ಕೇಳಿಸಲೆಂದು ತಲೆಯ ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡಳು.

ರಶ್ಮಿ ಪಿಟೀಲನ್ನು ಹೆಗಲಿಗಿಟ್ಟಳು. ಕಮಾನನ್ನು ಬಿಗಿ ಮಾಡಿ, ಅಭ್ಯಾಸದಂತೆ ಕೂದಲನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಎಳೆದು ನೋಡಿದಳು. ಬೆರಳು ಜಾರಿತು. ಅವಳ ಹುಬ್ಬು ಗಂಟಿಕ್ಕಿತು. ರಾಳ ತೆಗೆದುಕೊಳ್ಳಲು ಪೆಟ್ಟಿಗೆಯ ಸಣ್ಣ ಖಾನೆ ತೆರೆದಳು.

ಒಳಗೆ ಬಿಳಿಯ ಒಂದು ತುಂಡು. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕಮಾನು ಹೋಗಿ ಬಂದು ಅದರ ನಡುವೆ ಆಳವಾದ ಗೀರು ಬಿದ್ದಿತ್ತು. ಪೆಟ್ಟಿಗೆ ಹಿಡಿದಿದ್ದ ಮಲ್ಲಿಕ್ ಕಣ್ಣು ಮುಚ್ಚಿಕೊಂಡಿದ್ದ. ರಶ್ಮಿ ತುಂಡನ್ನು ಮೂಗಿನ ಹತ್ತಿರ ತಂದಳು. ಆಮೇಲೆ ಅಂಗೈಯೊಳಗೆ ಮುಚ್ಚಿಕೊಂಡಳು.

ಆದರೂ ಕಮಾನನ್ನು ತಂತಿಯ ಮೇಲಿಟ್ಟು ಒಮ್ಮೆ ಎಳೆದಳು, ಉದ್ದಕ್ಕೆ, ತುದಿಯಿಂದ ಬುಡದವರೆಗೆ. ಏನೂ ಬರಲಿಲ್ಲ.

“ಕೇಳಿಸ್ತಿಲ್ಲಲ್ಲ,” ಎಂದಿತು ಹಿಂದಿನಿಂದ ಒಂದು ದನಿ.

“ಸುಮ್ನಿರಪ್ಪ, ಶ್ರುತಿ ಮಾಡ್ತಿದಾಳೆ.”

ರಶ್ಮಿ ಅಮ್ಮನನ್ನು ನೋಡಿದಳು. ಬಸವರಾಜೇಶ್ವರಿ ಮುಖ ತಿರುಗಿಸಲಿಲ್ಲ. ಮುಗಿಯಿತು ಎಂದುಕೊಂಡಳು. ಈಗ ಬಾಯಿ ತೆರೆಯುತ್ತಾಳೆ, ಇದೇನಮ್ಮ ಎಂದು ಎಲ್ಲರ ಎದುರು ಕೇಳುತ್ತಾಳೆ. ಜನರ ಹಿಂದೆ ನಿಂತಿದ್ದ ಪ್ರಕಾಶ ನೆಲ ನೋಡುತ್ತಿದ್ದ. ರಶ್ಮಿಯ ಕಣ್ಣು ಅವನ ಮೇಲೂ ಒಂದು ಗಳಿಗೆ ನಿಂತಿತು. ಆಮೇಲೆ ಕೆಳಗೆ, ಗೂಡಿನೊಳಗಿನ ಎಡಗೈಯ ಆ ಎರಡು ಬೆರಳಿಗೆ ಹೋಯಿತು. ಅಲ್ಲಿ ಬಹಳ ಹೊತ್ತು ಇತ್ತು.

ಅವಳು ಪಿಟೀಲನ್ನು ಕಿವಿಯ ಹತ್ತಿರ ತಂದಳು. ಬಿರಡೆ ತಿರುಗಿಸಿದಳು. ಮತ್ತೆ ತಿರುಗಿಸಿದಳು.

ಟಣ್ ಎಂದಿತು.

“ತಂತಿ ಹೋಯ್ತು,” ಎಂದಳು ರಶ್ಮಿ. “ಕ್ಷಮಿಸಿ.”

ಜನರಲ್ಲಿ ಗುಜುಗುಜು ಎದ್ದಿತು. ಮಲ್ಲಿಕ್ ಗಟ್ಟಿಯಾಗಿ ಅತ್ತುಬಿಟ್ಟ. “ಮೇಷ್ಟ್ರ ಜೊತೇಲೇ ಹೋಯ್ತು ನೋಡಿ ತಂತಿ. ಬೇರೆಯವ್ರ ಕೈಲಿ ನುಡಿಯಲ್ಲ ಅಂತು.” ಹೌದು ಹೌದು ಎಂದರು ಸುತ್ತ ಇದ್ದವರು. ಕೆಲವರು ಕೈಮುಗಿದರು. ಇನ್ನೂ ಮೂರು ತಂತಿ ಇವೆಯಲ್ಲ ಎಂದು ಯಾರೂ ಕೇಳಲಿಲ್ಲ.

ಮಾಸ್ತಮ್ಮ ಮಾತ್ರ ಸೆರಗನ್ನು ಮತ್ತೆ ಕಿವಿಯ ಮೇಲೆ ಎಳೆದುಕೊಂಡಳು. “ನಮ್ಮವ್ರಿಗೂ ಇಲ್ಲ, ಇವ್ರಿಗೂ ಇಲ್ಲ,” ಎಂದಳು. “ಸರಿಹೋಯ್ತು ಬಿಡು.”

ಅಯ್ಯನವರು ವಿಭೂತಿ ಗಟ್ಟಿಗಳ ಬುಟ್ಟಿಯನ್ನು ಮುಂದೆ ಮಾಡಿದರು. ಮನೆಯವರು ಒಬ್ಬೊಬ್ಬರಾಗಿ ಒಂದೊಂದು ಬಿಳಿಯ ಗಟ್ಟಿ ತೆಗೆದು ಗುಂಡಿಗೆ ಇಳಿಬಿಟ್ಟರು. ರಶ್ಮಿ ಬಲಗೈಯಿಂದ ಒಂದು ಹಾಕಿದಳು. ಎಡಗೈಯ ಮುಷ್ಟಿ ಬಿಚ್ಚಿ ಇನ್ನೊಂದು ಹಾಕಿದಳು. ಎರಡೂ ಬಿಳಿ. ಅಯ್ಯನವರು ಮಂತ್ರ ಹೇಳುತ್ತಿದ್ದರು, ನೋಡಲಿಲ್ಲ. ಬಸವರಾಜೇಶ್ವರಿ ನೋಡಿದಳು. ಪತ್ರೆ ಬಿತ್ತು, ಆಮೇಲೆ ಮಣ್ಣು.

ಎಲ್ಲ ಮುಗಿದ ಮೇಲೆ ಗೇಟಿನ ಹತ್ತಿರ ನಲ್ಲಿಯ ಬಳಿ ಸಾಲು ನಿಂತಿತು. ಕೈಕಾಲು ತೊಳೆದುಕೊಂಡು ಹೋಗಬೇಕು. ಪ್ರಕಾಶ ಪಿಟೀಲಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ದೂರದಲ್ಲಿ ನಿಂತಿದ್ದ. ಬಸವರಾಜೇಶ್ವರಿ ಚೊಂಬಿನಲ್ಲಿ ನೀರು ಹಿಡಿದು, “ಕೈ ಕೊಡು,” ಎಂದಳು ಮಗಳಿಗೆ. ಬೆಳಿಗ್ಗೆಯಿಂದ ಬಾರದ ಅಳು ಆ ಎರಡು ಮಾತಿಗೇ ಬಂದುಬಿಟ್ಟಿತು.

ರಶ್ಮಿ ಎರಡೂ ಕೈ ಚಾಚಿದಳು. ನೀರು ಬಿದ್ದಿತು. ಕೆಂಪು ಮಣ್ಣು ಕರಗಿ ಹೋಯಿತು. ಅವಳು ಅಂಗೈಗೆ ಅಂಗೈ ಉಜ್ಜಿದಂತೆ ಬೆರಳುಗಳ ಸಂದಿಯಿಂದ ಬಿಳಿಯ ನೊರೆ ಎದ್ದು ಬಂತು. ಅಲ್ಲಿ ಯಾರೂ ಅವಳಿಗೆ ಸೋಪು ಕೊಟ್ಟಿರಲಿಲ್ಲ. ಅಮ್ಮ ಮಗಳು ಇಬ್ಬರೂ ಅದನ್ನು ನೋಡುತ್ತ ನಿಂತರು. ಹಿಂದಿನವರು ಬೇಗ ಬೇಗ ಎಂದಾಗ ಬಸವರಾಜೇಶ್ವರಿ ಅಡ್ಡ ನಿಂತು, ಮಗಳ ಕೈ ಯಾರಿಗೂ ಕಾಣದಂತೆ ಸೆರಗು ಹಿಡಿದು, ಇನ್ನೊಂದು ಚೊಂಬು ನೀರು ಹೊಯ್ದಳು.